ಬಟ್ ಬರುವ ಮೊದಲು ಒಂದು ಕಾಮಾ

ಮಾನ್ಯ ಕೇಳುಗರಿಗೆ ನಮಸ್ಕಾರ. ಇಂಗ್ಲಿಷಿನಲ್ಲಿ ಎರಡು ವಾಕ್ಯಗಳನ್ನು ಒಂದುಗೂಡಿಸುವಾಗ ಕಾಮಾ, ಅಂದರೆ ಅಲ್ಪವಿರಾಮ, ಎಲ್ಲಿ ಬರಬೇಕೆಂಬುದು ಇಂದಿನ ವಿಷಯ. ಮೈಸೂರು, ಮಂಡ್ಯ ಜಿಲ್ಲೆಗಳ ಪಿಯುಸಿ ವಿದ್ಯಾರ್ಥಿಗಳನ್ನೂ ಅವರಿಗೆ ಪಾಠ ಹೇಳುವ ನನ್ನ ಸಹೋದ್ಯೋಗಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ.

ಮಕ್ಕಳ ನೋಟ್‌ಬುಕ್ ತಿದ್ದುವಾಗಲೆಲ್ಲ ನನ್ನ ಕಣ್ಣಿಗೆ ಬೀಳುವುದು ಒಂದೇ ದೋಷ. ಬಟ್ ಎಂದು ಬರೆದು, ಅದರ ಬಾಲಕ್ಕೆ ಕಾಮಾ ಅಂಟಿಸಿರುತ್ತಾರೆ. ಏಕೆಂದು ಕೇಳಿದರೆ, "ಅಲ್ಲಿ ಉಸಿರು ನಿಲ್ಲುತ್ತೆ ಸಾರ್" ಎನ್ನುತ್ತಾರೆ. ಉಸಿರು ನಿಂತ ಕಡೆ ಕಾಮಾ ಹಾಕಬೇಕೆಂದು ಇವರಿಗೆ ಯಾರು ಹೇಳಿಕೊಟ್ಟರೋ ಕಾಣೆ. ದಯವಿಟ್ಟು ಆ ಪಾಠವನ್ನು ಇವತ್ತೇ ಮರೆತುಬಿಡಿ. ಉಸಿರನ್ನು ನೋಡಬೇಡಿ, ಎರಡೂ ಕಡೆ ಪೂರ್ಣ ವಾಕ್ಯವಿದೆಯೇ ಎಂದು ನೋಡಿ.

ಫಾರ್, ಅಂಡ್, ನಾರ್, ಬಟ್, ಆರ್, ಯೆಟ್, ಸೋ ಎಂಬ ಏಳು ಪದಗಳಿವೆ. ಇವುಗಳ ಮೊದಲಕ್ಷರಗಳನ್ನು ಸೇರಿಸಿ ಫ್ಯಾನ್‌ಬಾಯ್ಸ್ ಎಂದು ಬಾಯಿಪಾಠ ಮಾಡಿಸುವುದುಂಟು. ಈ ಏಳರಲ್ಲಿ ಯಾವುದೇ ಒಂದು ಎರಡು ಪೂರ್ಣ ವಾಕ್ಯಗಳ ನಡುವೆ ಬಂದರೆ, ಅದಕ್ಕಿಂತ ಮೊದಲು ಕಾಮಾ ಬರಬೇಕು. ಅದರ ನಂತರವಲ್ಲ, ಮೊದಲು. "ರವಿ ವೆಂಟ್ ಟು ಮದ್ದೂರ್, ಬಟ್ ಸೀತಾ ಸ್ಟೇಯ್ಡ್ ಇನ್ ಮಂಡ್ಯ" ಎಂಬುದನ್ನು ತೆಗೆದುಕೊಳ್ಳಿ. ಬಟ್ ಪದದ ಎಡಕ್ಕೆ ರವಿ ಎಂಬ ಕರ್ತೃವೂ ವೆಂಟ್ ಎಂಬ ಕ್ರಿಯಾಪದವೂ ಇವೆ, ಬಲಕ್ಕೆ ಸೀತಾ ಮತ್ತು ಸ್ಟೇಯ್ಡ್ ಇವೆ. ಎರಡೂ ತಮ್ಮಷ್ಟಕ್ಕೆ ನಿಲ್ಲಬಲ್ಲವು. ಆದ್ದರಿಂದ ಮದ್ದೂರ್ ಆದ ಮೇಲೆ ಕಾಮಾ. ಈಗ "ರವಿ ವೆಂಟ್ ಟು ಮದ್ದೂರ್ ಅಂಡ್ ಬಾಟ್ ವಡಾಸ್" ಎನ್ನಿ. ಬಲಗಡೆ ಕರ್ತೃವೇ ಇಲ್ಲ, ಕಾಮಾ ಬೇಡ. ಅಲ್ಲಿಯೇ ಹೀ ಎಂಬ ಪುಟ್ಟ ಪದ ಸೇರಿಸಿ "ಅಂಡ್ ಹೀ ಬಾಟ್ ವಡಾಸ್" ಎಂದರೆ, ಕೂಡಲೇ ಕಾಮಾ ಬಂದು ಕೂರುತ್ತದೆ. ಓದುವಾಗ ಉಸಿರೇನೂ ಬದಲಾಗಲಿಲ್ಲ, ವಾಕ್ಯದ ಕಟ್ಟು ಬದಲಾಯಿತು.

ನಮ್ಮ ಮಕ್ಕಳು ಇಲ್ಲಿ ಎಡವುವುದಕ್ಕೆ ಕಾರಣವೂ ಇದೆ. ಕನ್ನಡದಲ್ಲಿ ನಾವು "ರವಿ ಮದ್ದೂರಿಗೆ ಹೋಗಿ ವಡೆ ತಂದ" ಎಂದು ಒಂದೇ ಓಟದಲ್ಲಿ ಮುಗಿಸುತ್ತೇವೆ. ಆದರೆ ಎಂಬುದನ್ನು ಬಹಳ ಸಲ ಪೂರ್ಣವಿರಾಮದ ನಂತರ ಬರೆದು, ಅಲ್ಲೊಂದಿಷ್ಟು ತಡೆದು ಮುಂದುವರಿಯುತ್ತೇವೆ. ಆ ಅಭ್ಯಾಸ ಇಂಗ್ಲಿಷಿಗೂ ಹಿಂಬಾಲಿಸುತ್ತದೆ.

ಇಷ್ಟು ಸಣ್ಣ ಚಿಹ್ನೆಗೆ ಇಷ್ಟೊಂದು ರಂಪವೇ ಎನ್ನುವವರಿಗೆ ನನಗೆ ಬಹಳ ಪ್ರಿಯವಾದ ಒಂದು ಮೊಕದ್ದಮೆಯನ್ನು ಹೇಳಲೇಬೇಕು. ಕೋಳಿ ಕೂಗುವ ಹೊತ್ತಿಗೇ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಊರುಗಳ ನಿಮಗೆ ಇದು ರುಚಿಸೀತು. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೇರಿ ಎಂಬ ಹಾಲಿನ ಕಂಪನಿಯಿದೆ. ಅದರ ಲಾರಿ ಚಾಲಕರು ಓವರ್‌ಟೈಮ್ ಹಣ ಕೊಡಿ ಎಂದು ನ್ಯಾಯಾಲಯಕ್ಕೆ ಹೋದರು. ಯಾವ ಯಾವ ಕೆಲಸಕ್ಕೆ ಓವರ್‌ಟೈಮ್ ಕೊಡಬೇಕಾಗಿಲ್ಲ ಎಂಬ ಪಟ್ಟಿ ಅಲ್ಲಿನ ಕಾನೂನಿನಲ್ಲಿತ್ತು. ಬೇಗ ಕೆಡುವ ಆಹಾರವನ್ನು ಡಬ್ಬಿಗೆ ತುಂಬುವುದು, ಸಂಸ್ಕರಿಸುವುದು, ಒಣಗಿಸುವುದು, ದಾಸ್ತಾನು ಮಾಡುವುದು ಎಂದೆಲ್ಲ ಸಾಗಿದ ಆ ಪಟ್ಟಿಯ ಕೊನೆಯಲ್ಲಿ "ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್" ಎಂದಿತ್ತು. ಆರ್ ಪದಕ್ಕೆ ಮೊದಲು ಕಾಮಾ ಇರಲಿಲ್ಲ. ವಿತರಣೆ ಬೇರೆಯೇ ಒಂದು ಕೆಲಸ, ಪಟ್ಟಿಯಲ್ಲಿ ಅದೂ ಇದೆ, ಹಾಗಾಗಿ ಹಣವಿಲ್ಲ ಎಂದಿತು ಕಂಪನಿ. ಸಾಗಣೆಗಾಗಲಿ ವಿತರಣೆಗಾಗಲಿ ಪ್ಯಾಕ್ ಮಾಡುವುದು ಎಂದಷ್ಟೇ ಅದರ ಅರ್ಥ, ನಾವು ಪ್ಯಾಕ್ ಮಾಡುವವರಲ್ಲ, ಹಂಚುವವರು ಎಂದರು ಚಾಲಕರು. 2017ರ ಮಾರ್ಚ್‌ನಲ್ಲಿ ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯ ಚಾಲಕರ ಪರವಾಗಿ ನಿಂತಿತು. ಅಲ್ಲಿ ಕಾಮಾ ಇದ್ದಿದ್ದರೆ ವಿತರಣೆಯೂ ಪಟ್ಟಿಗೆ ಸೇರುತ್ತಿತ್ತೆಂದು ತೀರ್ಪಿನಲ್ಲಿಯೇ ಹೇಳಿತು. ಮರುವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಆ ರಾಜ್ಯದ ಶಾಸನಸಭೆ ಎಷ್ಟು ಬೆಚ್ಚಿತೆಂದರೆ, ಪಟ್ಟಿಯನ್ನು ತಿದ್ದಿ ಕಾಮಾಗಳ ಜಾಗದಲ್ಲೆಲ್ಲ ಅರ್ಧವಿರಾಮ ಹಾಕಿಬಿಟ್ಟಿತು! ಅದು ಪಟ್ಟಿಯ ಕಾಮಾ, ನಮ್ಮದು ವಾಕ್ಯಗಳ ಕಾಮಾ ಎಂಬುದು ನಿಜ. ಆದರೂ ಕೇಳುವ ಪ್ರಶ್ನೆ ಅದೇ: ಈ ಪದ ಯಾವುದನ್ನು ಯಾವುದಕ್ಕೆ ಕೂಡಿಸುತ್ತಿದೆ?

ಕಥೆಯೇ ಸಮಯವನ್ನು ನುಂಗಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಏಳರಲ್ಲಿ ಒಂದೂ ಇಲ್ಲದೆ ಬರೀ ಕಾಮಾದಿಂದ ಎರಡು ಪೂರ್ಣ ವಾಕ್ಯಗಳನ್ನು ಬೆಸೆಯಬೇಡಿ. ಅಲ್ಲಿ ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಹಾಕಿ. ಹೌಎವರ್ ಈ ಏಳರ ಗುಂಪಿನದಲ್ಲ. ಎರಡು ಪೂರ್ಣ ವಾಕ್ಯಗಳ ನಡುವೆ ಅದು ಬಂದಾಗ ಮೊದಲು ಅರ್ಧವಿರಾಮ, ನಂತರ ಕಾಮಾ. ತೀರಾ ಚಿಕ್ಕ ವಾಕ್ಯಗಳ ನಡುವೆ ಕಾಮಾ ಬಿಡುವ ರೂಢಿಯುಂಟು, ಆದರೆ ಪರೀಕ್ಷೆಯಲ್ಲಿ ಆ ಸ್ವಾತಂತ್ರ್ಯ ತೆಗೆದುಕೊಳ್ಳಬೇಡಿ. ಇನ್ನು ಪರೀಕ್ಷೆಯ ಕೊನೆಯ ಐದು ನಿಮಿಷದಲ್ಲಿ ಬರೆದದ್ದನ್ನು ತಿರುಗಿ ನೋಡುವಾಗ, ಅಂಡ್, ಬಟ್, ಸೋ ಕಂಡಲ್ಲೆಲ್ಲ ಪೆನ್ನಿನ ತುದಿಯಿಟ್ಟು, ಎಡಗಡೆ ಕರ್ತೃ ಮತ್ತು ಕ್ರಿಯಾಪದ, ಬಲಗಡೆ ಕರ್ತೃ ಮತ್ತು ಕ್ರಿಯಾಪದ ಇವೆಯೇ ಎಂದು ನೋಡಿಕೊಂಡು, ಇದ್ದರೆ ಮಾತ್ರ ಆ ಪದಕ್ಕೆ ಮೊದಲು ಕಾಮಾ ಹಾಕಿ. ನಮಸ್ಕಾರ.