ಬಿದ್ದುಹೋದ ಜೋಕಿನ ಪರವಾಗಿ

ಅಧ್ಯಕ್ಷರೇ, ಸಭಿಕ ಮಿತ್ರರೇ,

ಅಮೆರಿಕದ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ಅವರ ಟಿವಿ ಕಾರ್ಯಕ್ರಮ ‘ದಿ ಲೇಟ್ ಷೋ’ 2026ರ ಮೇ ತಿಂಗಳಿಗೆ ಮುಗಿಯುತ್ತದೆಂದು ಸಿಬಿಎಸ್ ವಾಹಿನಿ 2025ರ ಜುಲೈ 17ರಂದು ಪ್ರಕಟಿಸಿತಲ್ಲ, ಅಂದಿನಿಂದ ಈ ವಿಷಯವಾಗಿ ಎಲ್ಲಿಯಾದರೂ ನಿಂತು ನಾಲ್ಕು ಮಾತು ಆಡಲೇಬೇಕೆಂಬ ಹಟ ನನ್ನನ್ನು ಹಿಡಿದುಕೊಂಡಿದೆ. ಇದು ಕೇವಲ ಹಣಕಾಸಿನ ನಿರ್ಧಾರವೆಂದು ವಾಹಿನಿ ಹೇಳಿತು. ಅದಕ್ಕೆ ಮೂರು ದಿನ ಮುಂಚೆ, ಸಿಬಿಎಸ್‌ನ ಒಡೆತನ ಹೊಂದಿರುವ ಪ್ಯಾರಾಮೌಂಟ್ ಕಂಪನಿಯು ಟ್ರಂಪ್ ಹೂಡಿದ್ದ ಮೊಕದ್ದಮೆಯನ್ನು 1.6 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡದ್ದನ್ನು ಕೋಲ್ಬೇರ್ ತಮ್ಮ ಕಾರ್ಯಕ್ರಮದಲ್ಲಿಯೇ ಲಂಚವೆಂದು ಕರೆದಿದ್ದರು. ಈ ಎರಡು ಸಂಗತಿಗಳ ನಡುವಿನ ನಂಟನ್ನು ಕುರಿತು ನೀವು ಬೇಕಾದಷ್ಟು ಓದಿರುತ್ತೀರಿ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ನನ್ನ ಪ್ರಶ್ನೆ ಬೇರೆಯದು. ದಿನದ ಸುದ್ದಿಯ ಮೇಲೆ ಜೋಕು ಹೇಳಿ ಅತಿಥಿಗಳನ್ನು ಮಾತನಾಡಿಸುವ, ಅಮೆರಿಕದ ಲೇಟ್ ನೈಟ್ ಷೋ ಎಂಬ ತಡರಾತ್ರಿಯ ಟಿವಿ ಪ್ರಕಾರವೇ ಒಂದು ದಿನ ಇಲ್ಲವಾದರೆ ನಾವು ನಿಜವಾಗಿ ಕಳೆದುಕೊಳ್ಳುವುದೇನು? ರಾಜಕೀಯ ವಿಡಂಬನೆಯನ್ನಲ್ಲ, ಅದಕ್ಕೆ ಬೇರೆ ನೂರು ದಾರಿಗಳಿವೆ. ತಾರೆಯರ ಸಂದರ್ಶನವನ್ನಂತೂ ಅಲ್ಲವೇ ಅಲ್ಲ. ನಾವು ಕಳೆದುಕೊಳ್ಳುವುದು, ಹೇಳಿದವನ ಬಾಯಿಂದ ಹೊರಬಿದ್ದು ಯಾರನ್ನೂ ನಗಿಸದೆ ನೆಲ ಕಚ್ಚುವ ಜೋಕನ್ನು. ನಗಬೇಡಿ, ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ನಗದಿದ್ದರೂ ಚಿಂತೆಯಿಲ್ಲ, ಅದು ನನ್ನ ವಾದಕ್ಕೆ ಬೆಂಬಲವೇ ಆಗುತ್ತದೆ.

ಈ ಕಾರ್ಯಕ್ರಮಗಳ ಲೆಕ್ಕಾಚಾರವನ್ನು ಒಮ್ಮೆ ಯೋಚಿಸಿ. ವಾರಕ್ಕೆ ನಾಲ್ಕೈದು ರಾತ್ರಿ, ಪ್ರತಿ ರಾತ್ರಿಯೂ ಆ ದಿನದ ಸುದ್ದಿಯ ಮೇಲೆ ಹೊಸದಾಗಿ ಬರೆದ ಜೋಕುಗಳು, ಅದೂ ಸಂಜೆ ಸ್ಟುಡಿಯೊದಲ್ಲಿ ಜನ ಬಂದು ಕೂರುವ ಹೊತ್ತಿಗೆ ಸಿದ್ಧವಾಗಿರಬೇಕು. (ಲೇಟ್ ನೈಟ್ ಎಂಬುದೇ ಒಂದು ನಾಟಕ, ನಿರೂಪಕನ ಬೆನ್ನ ಹಿಂದೆ ದೀಪಗಳು ಮಿನುಗುವ ನಗರ ಕಾಣುತ್ತಿರುವಾಗ ಸ್ಟುಡಿಯೊದ ಹೊರಗೆ ಸಾಮಾನ್ಯವಾಗಿ ಇನ್ನೂ ಸಂಜೆ.) ಹೀಗೆ ಬರೆದದ್ದರಲ್ಲಿ ಎಲ್ಲವೂ ಚೆನ್ನಾಗಿರಲು ಸಾಧ್ಯವೇ ಇಲ್ಲ. ರಂಗದ ಹಾಸ್ಯಗಾರ ತನ್ನ ಒಂದು ಗಂಟೆಯ ಪ್ರದರ್ಶನವನ್ನು ತಿಂಗಳುಗಟ್ಟಲೆ ಊರೂರು ತಿರುಗಿ ತಿದ್ದುತ್ತಾನೆ, ನಗು ಬಾರದ ಸಾಲನ್ನು ಕಿತ್ತುಹಾಕುತ್ತಾನೆ. ಲೇಟ್ ನೈಟ್ ನಿರೂಪಕನಿಗೆ ಆ ಸೌಲಭ್ಯವಿಲ್ಲ. ಸೋಲು ಅವನ ಕೆಲಸದ ಷರತ್ತುಗಳಲ್ಲಿಯೇ ಬರೆದಿದೆ. ಸೋತ ಕ್ಷಣದಲ್ಲಿ ಅವನು ಏನು ಮಾಡುತ್ತಾನೆ ಎಂಬುದರಲ್ಲಿ ಮಾತ್ರ ಅವನ ಕಲೆ ಇದೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಜಾನಿ ಕಾರ್ಸನ್. 1954ರಲ್ಲಿ ಸ್ಟೀವ್ ಆಲನ್ ಆರಂಭಿಸಿದ್ದ, ಅನಂತರ ಜ್ಯಾಕ್ ಪಾರ್ ಮುನ್ನಡೆಸಿದ, ಎನ್‌ಬಿಸಿ ವಾಹಿನಿಯ ‘ದಿ ಟುನೈಟ್ ಷೋ’ವನ್ನು ಅವರು 1962ರ ಅಕ್ಟೋಬರ್ 1ರಂದು ಕೈಗೆತ್ತಿಕೊಂಡು, 1992ರ ಮೇ 22ರವರೆಗೆ, ಅಂದರೆ ಸುಮಾರು ಮೂವತ್ತು ವರ್ಷ ನಡೆಸಿದರು. ಅವರು ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಪದವಿಗಾಗಿ ಸಿದ್ಧಪಡಿಸಿದ ಪ್ರಬಂಧದ ವಿಷಯವೇ ರೇಡಿಯೊಗೆ ಹಾಸ್ಯ ಬರೆಯುವುದು ಹೇಗೆ ಎಂಬುದು. ಆದರೆ ಅವರ ನಿಜವಾದ ವಿದ್ಯಾಭ್ಯಾಸ ಹುಡುಗನಾಗಿದ್ದಾಗ ಮಾಡುತ್ತಿದ್ದ ಇಂದ್ರಜಾಲದಲ್ಲಿ ಆಯಿತೆಂದು ನನ್ನ ಊಹೆ. ಎಸೆದ ಇಸ್ಪೀಟಿನ ಎಲೆ ಕೈಗೆ ಬಾರದೆ ನೆಲಕ್ಕೆ ಬಿದ್ದಾಗ, ಬೀಳಿಸಿದ್ದೇ ಆಟದ ಭಾಗವೆಂಬಂತೆ ನಿಲ್ಲುವುದನ್ನು ಜಾದೂಗಾರ ಮೊದಲು ಕಲಿಯಬೇಕಾಗುತ್ತದೆ. ಕಾರ್ಸನ್ ಅವರ ಆರಂಭದ ಮಾತಿನಲ್ಲಿ ಜೋಕು ಬಿದ್ದರೆ ಅವರು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು, ಮೈಕನ್ನು ಬೆರಳಿನಿಂದ ತಟ್ಟಿ ಅದು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವವರಂತೆ ನೋಡುತ್ತಿದ್ದರು. ಒಂದರ ಹಿಂದೆ ಒಂದು ಬೀಳತೊಡಗಿದರಂತೂ ವಾದ್ಯವೃಂದ ಹಳೆಯ ಕಾಲದ ನೃತ್ಯದ ಧಾಟಿಯೊಂದನ್ನು ನುಡಿಸುತ್ತಿತ್ತು, ಸೂಟು ತೊಟ್ಟ ಈ ಘನಸ್ಥರು ಅದಕ್ಕೆ ತಕ್ಕಂತೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದರು. ಅದುವರೆಗೆ ತುಟಿ ಬಿಚ್ಚದಿದ್ದ ಸಭೆ ಆಗ ಬಿದ್ದು ಬಿದ್ದು ನಗುತ್ತಿತ್ತು. ಒಳ್ಳೆಯ ಜೋಕಿಗೆ ಸಿಗುವ ನಗು ಜೋಕು ಬರೆದವನಿಗೆ ಸಲ್ಲುತ್ತದೆ. ಈ ನಗು ಮಾತ್ರ ನಿಂತ ಮನುಷ್ಯನಿಗೆ ಸಲ್ಲುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ನಗುವಿನ ಯಂತ್ರ. ಸಿಬಿಎಸ್‌ನಲ್ಲಿ ಧ್ವನಿ ತಂತ್ರಜ್ಞರಾಗಿದ್ದ ಚಾರ್ಲ್ಸ್ ಡಗ್ಲಾಸ್ 1950ರ ದಶಕದಲ್ಲಿ ರೂಪಿಸಿದ ಆ ಪೆಟ್ಟಿಗೆಯಲ್ಲಿ ಬೆರಳಚ್ಚು ಯಂತ್ರದಂತಹ ಗುಂಡಿಗಳಿದ್ದವು; ಒಂದನ್ನು ಒತ್ತಿದರೆ ಮುಸಿನಗು, ಇನ್ನೊಂದಕ್ಕೆ ಗಹಗಹ. ದಶಕಗಳ ಕಾಲ ಅಮೆರಿಕದ ಧಾರಾವಾಹಿ ಹಾಸ್ಯದಲ್ಲಿ ಎಷ್ಟೋ ಜೋಕುಗಳು ಬೀಳಲಿಲ್ಲ, ಏಕೆಂದರೆ ಅವುಗಳನ್ನು ಬೀಳಲು ಬಿಡಲಿಲ್ಲ. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯನ್ನು ಕುರಿತ ‘ಮ್ಯಾಷ್’ ಧಾರಾವಾಹಿಯನ್ನು ಮಾಡಿದವರು ವಾಹಿನಿಯ ಒತ್ತಾಯಕ್ಕೆ ಮಣಿದು ಆ ನಗುವನ್ನು ಸೇರಿಸಿದರೂ, ಶಸ್ತ್ರಚಿಕಿತ್ಸೆಯ ಕೋಣೆಯೊಳಗಿನ ದೃಶ್ಯಗಳಲ್ಲಿ ಮಾತ್ರ ಅದು ಕೇಳಬಾರದೆಂದು ಪಟ್ಟು ಹಿಡಿದರು. ಆ ದೃಶ್ಯಗಳಲ್ಲಿ ವೈದ್ಯರು ಆಡುವ ಚೇಷ್ಟೆಯ ಮಾತುಗಳಿಗೆ ಯಾರೂ ನಗುವುದಿಲ್ಲ. ನನ್ನ ಮಟ್ಟಿಗೆ ಆ ಧಾರಾವಾಹಿಯ ಅತ್ಯುತ್ತಮ ಹಾಸ್ಯ ಇರುವುದು ಅಲ್ಲಿಯೇ.

ಈಗ ನನ್ನ ಅಚ್ಚುಮೆಚ್ಚಿನ ಪ್ರಸಂಗಕ್ಕೆ ಬರುತ್ತೇನೆ. ಇದನ್ನು ಹೇಳತೊಡಗಿದರೆ ನನಗೆ ನಿಲ್ಲಿಸಲಾಗುವುದಿಲ್ಲವೆಂದು ಬಲ್ಲವರು ಮುಂದಿನ ಸಾಲಿನಲ್ಲಿಯೇ ಕೂತಿದ್ದಾರೆ. 2007ರ ನವೆಂಬರ್ 5ರಂದು ಅಮೆರಿಕದ ಚಿತ್ರಕಥೆ ಮತ್ತು ಟೆಲಿವಿಷನ್ ಬರಹಗಾರರ ಸಂಘ ಮುಷ್ಕರ ಹೂಡಿತು. ದಿನದಿನದ ಬರವಣಿಗೆಯನ್ನೇ ನೆಚ್ಚಿದ ಲೇಟ್ ನೈಟ್ ಷೋಗಳು ಕೂಡಲೇ ನಿಂತುಹೋಗಿ, ಹಳೆಯ ಕಂತುಗಳ ಮರುಪ್ರಸಾರ ಶುರುವಾಯಿತು. ಎರಡು ತಿಂಗಳ ಬಳಿಕ, 2008ರ ಜನವರಿ 2ರಂದು, ಹಲವರು ಮರಳಿದರು. ಡೇವಿಡ್ ಲೆಟರ್‌ಮನ್ ಅವರ ಕಾರ್ಯಕ್ರಮ ಅವರದೇ ಕಂಪನಿಯದಾಗಿದ್ದರಿಂದ ಆ ಕಂಪನಿ ಸಂಘದೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು, ಅವರು ಬರಹಗಾರರ ಸಮೇತ ಬಂದರು. ಎನ್‌ಬಿಸಿಯ ನಿರೂಪಕ ಕೋನನ್ ಓಬ್ರಯನ್ ಅವರಿಗೆ ಆ ಭಾಗ್ಯವಿರಲಿಲ್ಲ. ಸ್ವತಃ ಬರಹಗಾರರಾಗಿಯೇ ಈ ವೃತ್ತಿಗೆ ಬಂದಿದ್ದ, ಮುಷ್ಕರಕ್ಕೆ ಬೆಂಬಲ ಸೂಚಿಸಿದ್ದ, ಬರಹಗಾರರಲ್ಲದ ಸಿಬ್ಬಂದಿಗೆ ತಮ್ಮ ಕೈಯಿಂದಲೇ ಸಂಬಳ ಕೊಡಲು ಮುಂದಾಗಿದ್ದ ಆ ಮನುಷ್ಯ, ಗಡ್ಡ ಬಿಟ್ಟುಕೊಂಡು, ಬರೆದ ಒಂದು ಸಾಲೂ ಇಲ್ಲದೆ ಒಂದು ಗಂಟೆಯ ಕಾರ್ಯಕ್ರಮಕ್ಕೆ ಬಂದು ನಿಂತರು.

ಏನು ಮಾಡಿದರು ಗೊತ್ತೇ? ಮೇಜಿನ ಮುಂದೆ ಕೂತು, ಬೆರಳಿನಿಂದ ಮದುವೆಯ ಉಂಗುರ ತೆಗೆದು, ಅದನ್ನು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿದರು. ಅಷ್ಟೇ. ಅದು ಎಷ್ಟು ಹೊತ್ತು ತಿರುಗುತ್ತದೆಂದು ಲೆಕ್ಕ ಇಟ್ಟರು. ರಾಷ್ಟ್ರೀಯ ವಾಹಿನಿಯಲ್ಲಿ, ಜಾಹೀರಾತುದಾರರು ಕ್ಷಣಕ್ಕಿಷ್ಟೆಂದು ಹಣ ತೆತ್ತ ಹೊತ್ತಿನಲ್ಲಿ, ಎಲ್ಲರೂ ಒಂದು ಉಂಗುರವನ್ನು ನೋಡುತ್ತಾ ಕೂತರು. ಆಮೇಲಿನ ಕಂತುಗಳಲ್ಲಿ ದಾಖಲೆ ಮುರಿಯುವ ಪ್ರಯತ್ನ; ಉಂಗುರ ಬೇಗ ಓಲಾಡಿ ಮಲಗಿದರೆ ಸಭೆಯಿಂದ ನಿಜವಾದ ನಿಟ್ಟುಸಿರು. ಮುಂದೆ ಫೆಬ್ರವರಿಯಲ್ಲಿ, ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ ಮೈಕ್ ಹಕಬಿ ಅವರನ್ನು ಮೇಲೆ ತಂದವರು ಯಾರೆಂಬ ಹುಸಿ ಜಗಳ ತೆಗೆದು, ಓಬ್ರಯನ್, ಕೋಲ್ಬೇರ್ ಮತ್ತು ಇನ್ನೊಬ್ಬ ನಿರೂಪಕ ಜಾನ್ ಸ್ಟೀವರ್ಟ್ ಮೂವರೂ ಒಂದೇ ರಾತ್ರಿ ಮೂರು ಕಾರ್ಯಕ್ರಮಗಳಲ್ಲಿ ಹೊಡೆದಾಡಿದರು. ಎಳೆದಾಡಿ ಹೊತ್ತು ತುಂಬಿಸುವುದನ್ನು ಇಷ್ಟು ನಿರ್ಲಜ್ಜವಾಗಿ, ಇಷ್ಟು ಆನಂದದಿಂದ ಮಾಡಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಬರಹಗಾರರಿಲ್ಲದಿದ್ದರೂ ನಡೆಯುತ್ತದೆ ಎಂಬ ಅರ್ಥವನ್ನು ದಯವಿಟ್ಟು ಇದಕ್ಕೆ ಕಟ್ಟಬೇಡಿ. ಅವರಿಲ್ಲದ ಖಾಲಿತನವನ್ನು ಮುಚ್ಚದೆ ತೆರೆದು ತೋರಿಸಿದ್ದೇ ಆ ವಾರಗಳ ಸೊಗಸು, ಮುಷ್ಕರನಿರತರಿಗೆ ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿರಲಿಲ್ಲ.

ಲೆಟರ್‌ಮನ್ ಅವರ ಹೆಸರು ಬಂದದ್ದರಿಂದ ಅವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1982ರ ಫೆಬ್ರವರಿ 1ರಂದು, ಕಾರ್ಸನ್ ಅವರ ಕಾರ್ಯಕ್ರಮದ ಬೆನ್ನಿಗೇ ರಾತ್ರಿ ಹನ್ನೆರಡೂವರೆಗೆ ಅವರ ‘ಲೇಟ್ ನೈಟ್’ ಆರಂಭವಾದಾಗ, ಅದು ಕಾರ್ಸನ್ ಅವರದನ್ನು ಹೋಲಬಾರದೆಂಬ ಕಟ್ಟುಪಾಡುಗಳಿದ್ದವು: ಆರಂಭದ ಮಾತು ಮೊಟಕಾಗಿರಬೇಕು, ಪಕ್ಕದಲ್ಲಿ ಸಹನಿರೂಪಕ ಕೂರಬಾರದು, ವಾದ್ಯವೃಂದ ಚಿಕ್ಕದಿರಬೇಕು. ಹೀಗೆ ಮಾಮೂಲಿ ಹಾಸ್ಯದ ಬಾಗಿಲುಗಳು ಮುಚ್ಚಿದ್ದರಿಂದ ಲೆಟರ್‌ಮನ್, ಅವರ ಮೊದಲ ಮುಖ್ಯ ಬರಹಗಾರ್ತಿ ಮೆರಿಲ್ ಮಾರ್ಕೊ ಮತ್ತು ಸಂಗಡಿಗರು ಬೇರೆ ದಾರಿ ಹುಡುಕಿದರು. ಸಾಕುಪ್ರಾಣಿಗಳ ಪೆದ್ದು ಚಮತ್ಕಾರಗಳು ಬಂದವು. ನಿರೂಪಕ ವೆಲ್ಕ್ರೊ ಬಟ್ಟೆ ತೊಟ್ಟು ಹಾರಿ ಗೋಡೆಗೆ ಅಂಟಿಕೊಂಡದ್ದಾಯಿತು. ಕೋತಿಯ ಬೆನ್ನಿಗೆ ಕ್ಯಾಮೆರಾ ಕಟ್ಟಿ ಬಿಟ್ಟದ್ದಾಯಿತು. 1985ರ ಸೆಪ್ಟೆಂಬರಿನಲ್ಲಿ ಶುರುವಾದ ಹತ್ತರ ಪಟ್ಟಿಯ ಮೊದಲ ವಿಷಯ, ಬಟಾಣಿಗೆ ಇರುವ ಇಂಗ್ಲಿಷ್ ಪದದೊಂದಿಗೆ ಹೆಚ್ಚುಕಡಿಮೆ ಪ್ರಾಸವಾಗುವ ಹತ್ತು ಪದಗಳು. ಇದು ಬೇಕೆಂದೇ ಬೀಳಿಸಿದ ಜೋಕು. ಆದರೆ 1995ರ ಆಸ್ಕರ್ ಸಮಾರಂಭವನ್ನು ನಿರೂಪಿಸುವಾಗ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರಿ ಮತ್ತು ನಟಿ ಊಮಾ ಥರ್ಮನ್ ಅವರ ಓಪ್ರಾ, ಊಮಾ ಎಂಬ ಎರಡು ಹೆಸರುಗಳನ್ನು ಪರಸ್ಪರ ಪರಿಚಯಿಸುತ್ತಾ ಅವರು ಬೀಳಿಸಿದ ಜೋಕು ಬೇಕೆಂದು ಬೀಳಿಸಿದ್ದಲ್ಲ. ಪತ್ರಿಕೆಗಳು ಅವರನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡವು. ಲೆಟರ್‌ಮನ್ ತಮ್ಮ ಕಾರ್ಯಕ್ರಮಕ್ಕೆ ಮರಳಿ, ಮುಂದೆ ವರ್ಷಗಟ್ಟಲೆ ಆ ಸೋಲನ್ನೇ ಬಂಡವಾಳ ಮಾಡಿಕೊಂಡು ನಗಿಸಿದರು. ಆಸ್ಕರ್ ವೇದಿಕೆ ವರ್ಷಕ್ಕೊಮ್ಮೆ ಬರುತ್ತದೆ, ಅಲ್ಲಿ ಬಿದ್ದವನು ಬಿದ್ದಲ್ಲಿಯೇ ಉಳಿಯುತ್ತಾನೆ. ನಾಳೆ ರಾತ್ರಿ ಮತ್ತೆ ಕಾರ್ಯಕ್ರಮವಿರುವವನಿಗೆ ಮಾತ್ರ ತನ್ನ ಬಿದ್ದ ಜೋಕನ್ನು ಎತ್ತಿ ನಿಲ್ಲಿಸುವ ಅವಕಾಶ.

ಅಧ್ಯಕ್ಷರು ಗಡಿಯಾರ ನೋಡಿಕೊಂಡದ್ದು ಕಾಣಿಸಿತು. ಆದ್ದರಿಂದ ತಿಂಗಳುಗಟ್ಟಲೆ ಮಾತನಾಡಬಹುದಾದ 2010ರ ರಾದ್ಧಾಂತವನ್ನು, ಅಂದರೆ ‘ದಿ ಟುನೈಟ್ ಷೋ’ವನ್ನು ಮಧ್ಯರಾತ್ರಿ ದಾಟಿ ಹನ್ನೆರಡು ಗಂಟೆ ಐದು ನಿಮಿಷಕ್ಕೆ ದೂಡಲು ಹೊರಟ ಎನ್‌ಬಿಸಿಯ ಯೋಜನೆಗೆ ಆಗ ಅದರ ನಿರೂಪಕರಾಗಿದ್ದ ಓಬ್ರಯನ್ ಒಪ್ಪದೆ ಹೊರನಡೆದದ್ದು, ಅದರ ಹಿಂದಿನ ನಿರೂಪಕ ಜೇ ಲೆನೊ ಮರಳಿ ಬಂದದ್ದು, ಇದನ್ನೆಲ್ಲ ಬಿಡುತ್ತೇನೆ. ಲೇಟ್ ನೈಟ್ ಷೋಗಳನ್ನು ನಡೆಸಿದ ಆರ್ಸೆನಿಯೊ ಹಾಲ್ ಮತ್ತು ಜೋನ್ ರಿವರ್ಸ್ ಬಗೆಗೆ ಬರೆದು ತಂದಿದ್ದ ಎರಡು ಪುಟಗಳೂ ಚೀಲದಲ್ಲಿಯೇ ಇರಲಿ, ಅವರಿಬ್ಬರ ಕ್ಷಮೆ ಕೋರುತ್ತೇನೆ.

ಕ್ಲಿಪ್ಪುಗಳ ಮಾತು ಮಾತ್ರ ಆಡಲೇಬೇಕು. ಇಂದು ಈ ಕಾರ್ಯಕ್ರಮಗಳು ಹೆಚ್ಚಿನವರನ್ನು ತಲುಪುವುದು ಯೂಟ್ಯೂಬಿನ ತುಣುಕುಗಳಾಗಿ, ನನ್ನಂಥ ದೂರದ ಅಭಿಮಾನಿಯಂತೂ ಅದರಿಂದಲೇ ಬದುಕಿದ್ದಾನೆ. ಜೇಮ್ಸ್ ಕಾರ್ಡನ್ ಕಾರಿನಲ್ಲಿ ತಾರೆಯರೊಂದಿಗೆ ಹಾಡಿದ್ದು, ಜಿಮ್ಮಿ ಫ್ಯಾಲನ್ ಅತಿಥಿಗಳೊಂದಿಗೆ ಆಡಿದ ಆಟಗಳು ಚೆನ್ನಾಗಿಯೇ ಇವೆ, ಅಲ್ಲಗಳೆಯುವುದಿಲ್ಲ. ಆದರೆ ಕ್ಲಿಪ್ಪಿಗೆ ಆಯ್ದ ಕ್ಷಣದಲ್ಲೇಕೆ ಬಿದ್ದ ಜೋಕು ಇರುತ್ತದೆ? ಕತ್ತರಿ ಹಿಡಿದವನು ಮೊದಲು ತೆಗೆಯುವುದೇ ಅದನ್ನು. ಡಗ್ಲಾಸ್ ಅವರ ಪೆಟ್ಟಿಗೆ ನಗುವನ್ನು ಸೇರಿಸುತ್ತಿತ್ತು, ಇದು ನಗು ಬಾರದ್ದನ್ನು ಕಳೆಯುತ್ತದೆ; ಎರಡರ ಫಲವೂ ಒಂದೇ. ಎನ್‌ಬಿಸಿ ಕಾರ್ಸನ್ ಅವರ ಮೊದಲ ಹತ್ತು ವರ್ಷಗಳ ಟೇಪುಗಳಲ್ಲಿ ಬಹುಪಾಲನ್ನು ಅಳಿಸಿ ಮತ್ತೆ ಬಳಸಿಕೊಂಡಿತಲ್ಲ, ಅದಕ್ಕಾಗಿ ನಾವೆಲ್ಲ ಹಲ್ಲು ಕಡಿಯುತ್ತೇವೆ. ಈಗ ಎಲ್ಲವೂ ಉಳಿದಿದೆ ಎಂದುಕೊಂಡಿದ್ದೇವೆ, ಆದರೆ ಜನ ನೋಡುವುದು ಗೆದ್ದ ಮೂರು ನಿಮಿಷಗಳನ್ನು ಮಾತ್ರ.

ಕೊನೆಯದಾಗಿ 2020ರ ಮಾರ್ಚ್. ಸಾಂಕ್ರಾಮಿಕದಿಂದಾಗಿ ಸ್ಟುಡಿಯೊಗಳು ಮುಚ್ಚಿದಾಗ ಕೋಲ್ಬೇರ್ ಸೂಟು ತೊಟ್ಟೇ ತಮ್ಮ ಮನೆಯ ಸ್ನಾನದ ತೊಟ್ಟಿಯಲ್ಲಿ ನೊರೆಯ ನಡುವೆ ಕೂತು ಆ ದಿನದ ಜೋಕುಗಳನ್ನು ಹೇಳಿದರು. ಯಾವ ಜೋಕು ನಿಂತಿತು, ಯಾವುದು ಬಿತ್ತು ಎಂದು ಹೇಳುವವರು ಯಾರೂ ಎದುರಿಗಿರಲಿಲ್ಲ. ಇನ್ನೊಬ್ಬ ನಿರೂಪಕ ಸೆತ್ ಮೈಯರ್ಸ್ ತಾವು ಸ್ಟುಡಿಯೊಗೆ ಮರಳಿದ ಮೇಲೆ, ಪ್ರೇಕ್ಷಕರಿಲ್ಲದೆ, ಬರಿಯ ತಂತ್ರಜ್ಞರ ಎದುರು, ವಾರವಿಡೀ ತಾವು ಮಾಡಿದ ತಪ್ಪುಗಳನ್ನು ವೀಕ್ಷಕರ ದೂರುಗಳ ಸಮೇತ ಒಪ್ಪಿಸುವ ತಿದ್ದುಪಡಿಗಳ ಭಾಗವೊಂದನ್ನು 2021ರಲ್ಲಿ ಆರಂಭಿಸಿದರು. ತಪ್ಪು ಉಚ್ಚಾರ, ಸರಿಯಿಲ್ಲದ ಪ್ರಾಣಿಯ ಹೆಸರು, ಹಾಳಾದ ಹೋಲಿಕೆ, ಇವುಗಳ ಮೇಲೆಯೇ ಇಡೀ ಹಾಸ್ಯ ನಿಂತಿದೆ. ಕ್ಯಾಮೆರಾದ ಹಿಂದಿನವರ ನಗು ಅಲ್ಲಲ್ಲಿ ಕೇಳುತ್ತದೆ, ಕೆಲವೊಮ್ಮೆ ಕೇಳುವುದಿಲ್ಲ. ಇಂದು ರಾತ್ರಿ ಒಂದೇ ಒಂದನ್ನು ಹುಡುಕಿ ನೋಡುವವರಿದ್ದರೆ ಅದನ್ನು ನೋಡಿ, ಆದರೆ ತುಣುಕನ್ನಲ್ಲ, ಪೂರ್ತಿಯಾಗಿ ನೋಡಿ. ಚೀಟಿ ಬಂದಿದೆ, ಪ್ರಶ್ನೆಗಳಿಗೆ ಹತ್ತು ನಿಮಿಷವಿದೆಯಂತೆ. ಜೋನ್ ರಿವರ್ಸ್ ಬಗ್ಗೆ ಯಾರಾದರೂ ಕೇಳಿದರೆ ಆ ಎರಡು ಪುಟಗಳನ್ನು ಚೀಲದಿಂದ ತೆಗೆಯಲು ನನ್ನ ಅಭ್ಯಂತರವೇನೂ ಇಲ್ಲ. ನಮಸ್ಕಾರ.