ಕ್ಲಿಂಟ್ ಡೆಂಪ್ಸಿ ಎಂಬ ತಂಟೆಕೋರ

ಕೇಳುಗರಿಗೆ ನಮಸ್ಕಾರ.

ಫುಟ್‌ಬಾಲ್ ಅಂದರೆ ಬಡವರ ಆಟ ಅನ್ನೋದು ನಮ್ಮೆಲ್ಲರ ಎಣಿಕೆ. ಒಂದು ಚೆಂಡು, ಒಂದಿಷ್ಟು ಬಯಲು, ಗೋಲಿಗೆ ಅಂತ ಆ ಕಡೆ ಈ ಕಡೆ ಚಪ್ಪಲಿ. ಆಟ ಶುರು. ಅಮೆರಿಕದಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಈ ಆಟವನ್ನು ಸಾಕರ್ ಅಂತಾರೆ. ಸಾಕರ್ ಬಹಳ ಕಾಲದಿಂದ ಅನುಕೂಲಸ್ಥರ ಮಕ್ಕಳ ಆಟ. ಒಳ್ಳೆಯ ಕೋಚ್ ಸಿಗಬೇಕಾದರೆ ಮಗುವನ್ನು ಕ್ಲಬ್ಬಿಗೆ ಸೇರಿಸಬೇಕು. ಕ್ಲಬ್ಬಿಗೆ ಫೀಸು ಕಟ್ಟಬೇಕು. ಬಟ್ಟೆ, ಬೂಟು, ದೂರದೂರಿನ ಟೂರ್ನಮೆಂಟು, ಪೆಟ್ರೋಲು, ಹೋಟೆಲು, ಎಲ್ಲವೂ ಅಪ್ಪ ಅಮ್ಮನ ಜೇಬಿನಿಂದಲೇ. ಯುರೋಪಿನ ದೊಡ್ಡ ಕ್ಲಬ್ಬುಗಳು ಚೆನ್ನಾಗಿ ಆಡುವ ಹುಡುಗನನ್ನು ಹುಡುಕಿಕೊಂಡು ಹೋಗಿ, ತಾವೇ ಖರ್ಚು ಹಾಕಿ ಬೆಳೆಸುತ್ತವೆ. ಅಮೆರಿಕದಲ್ಲಿ ಮೊದಲು ದುಡ್ಡು, ಆಮೇಲೆ ಆಟ.

ಅಂಥ ದೇಶದಲ್ಲಿ ಟ್ರೇಲರ್ ಮನೆಯಿಂದ, ಅಂದರೆ ಎಳೆದುಕೊಂಡು ಹೋಗಬಹುದಾದ ಅಗ್ಗದ ಮನೆಯಿಂದ, ಬಂದ ಒಬ್ಬ ಹುಡುಗ ಮೂರು ವಿಶ್ವಕಪ್‌ಗಳಲ್ಲಿ ಗೋಲು ಹೊಡೆದ. ಹೆಸರು ಕ್ಲಿಂಟ್ ಡೆಂಪ್ಸಿ. ಇವತ್ತಿನ ಮಾತು ಅವನ ಬಗ್ಗೆ.

ಟೆಕ್ಸಾಸ್ ರಾಜ್ಯದ ಪೂರ್ವಕ್ಕೆ ನ್ಯಾಕಡೋಚಿಸ್ ಅಂತ ಒಂದು ಹಳೇ ಊರಿದೆ. ಡೆಂಪ್ಸಿ ಹುಟ್ಟಿದ್ದು ಅಲ್ಲೇ, 1983ರ ಮಾರ್ಚ್‌ನಲ್ಲಿ. ಟೆಕ್ಸಾಸ್ ಅಂದಮೇಲೆ ಕೇಳಬೇಕೇ, ಅಲ್ಲಿ ದೇವರು ಒಬ್ಬನೇ. ಅದು ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಆದರೆ ಡೆಂಪ್ಸಿ ಮನೆಯವರು ಕೆಲವು ವರ್ಷ ಟ್ರೇಲರ್ ಮನೆಗಳ ಬಡಾವಣೆಯಲ್ಲಿದ್ದರು. ಅಕ್ಕಪಕ್ಕದಲ್ಲಿದ್ದವರು ಮೆಕ್ಸಿಕೋ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳು. ಅವರಿಗೆ ಸಾಕರ್ ಬಿಟ್ಟರೆ ಬೇರೆ ಆಟವಿಲ್ಲ. ಕ್ಲಿಂಟ್ ಮತ್ತು ಅವನ ಅಣ್ಣ ರಾಯನ್ ಅವರ ಜತೆ ಆಡಿ ಬೆಳೆದರು. ಅಲ್ಲಿ ಕೋಚ್ ಇಲ್ಲ, ಶಿಳ್ಳೆ ಇಲ್ಲ. ದೊಡ್ಡ ಗಂಡಸರ ಕಾಲಿನ ನಡುವೆ ಚೆಂಡು ತೂರಿಸಿ ಪಾರಾಗಬೇಕು, ಇಲ್ಲ ಅಂದರೆ ಏಟು ತಿನ್ನಬೇಕು. ಮುಂದೆ ಅವನ ಆಟದಲ್ಲಿ ಕಂಡ ತುಂಟತನ ಬಂದಿದ್ದು ಈ ಬಯಲಿನಿಂದ. ಕ್ಲಬ್ಬಿನ ತರಬೇತಿ ಅವನನ್ನು ತಿದ್ದಿರಬಹುದು, ಆದರೆ ಇದನ್ನು ಕಲಿಸಿದ್ದು ಅದಲ್ಲ ಅನ್ನೋದು ನನ್ನ ಅಭಿಪ್ರಾಯ.

ಡಲ್ಲಾಸ್ ಟೆಕ್ಸನ್ಸ್ ಅಂತ ಹೆಸರುವಾಸಿಯಾದ ಒಂದು ಯುವ ಕ್ಲಬ್. ಅಲ್ಲಿ ಆಯ್ಕೆ ಪರೀಕ್ಷೆಗೆ ಕರೆ ಬಂದಿದ್ದು ಅಣ್ಣನಿಗೆ. ಕ್ಲಿಂಟ್ ಸುಮ್ನೆ ಜತೆಗೆ ಹೋಗಿದ್ದ. ಹೊತ್ತು ಹೋಗಬೇಕಲ್ಲ, ಗೆರೆಯಾಚೆ ನಿಂತು ಚೆಂಡನ್ನು ನೆಲಕ್ಕೆ ಬೀಳಿಸದ ಹಾಗೆ ಕಾಲಲ್ಲೇ ಪುಟಿಸುತ್ತಿದ್ದ. ಅದು ಕ್ಲಬ್ಬಿನವರ ಕಣ್ಣಿಗೆ ಬಿತ್ತು. ತಮ್ಮನೂ ಆಯ್ಕೆಯಾದ.

ಕಷ್ಟ ಶುರುವಾಗಿದ್ದೇ ಆಮೇಲೆ. ನ್ಯಾಕಡೋಚಿಸ್‌ನಿಂದ ಡಲ್ಲಾಸಿಗೆ ಕಾರಿನಲ್ಲಿ ಹೋಗೋಕೆ ಸುಮಾರು ಮೂರು ಗಂಟೆ. ಬರೋಕೆ ಇನ್ನು ಮೂರು ಗಂಟೆ. ಆ ಕಡೆ ಅಕ್ಕ ಜೆನಿಫರ್ ಟೆನಿಸ್‌ನಲ್ಲಿ ರ‍್ಯಾಂಕಿಂಗ್ ಪಡೆಯುವ ಹಂತಕ್ಕೆ ಬಂದಿದ್ದಳು. ಎರಡೂ ಕಡೆ ದುಡ್ಡು ಸುರಿಯುವ ಶಕ್ತಿ ಮನೆಯವರಿಗಿರಲಿಲ್ಲ. ಕ್ಲಿಂಟ್ ಡಲ್ಲಾಸಿಗೆ ಹೋಗೋದು ನಿಂತಿತು. ಮುಂದೆ ಕ್ಲಬ್ಬಿನ ಬೇರೆ ಹುಡುಗರ ಅಪ್ಪ ಅಮ್ಮಂದಿರೇ ಖರ್ಚಿಗೆ, ಓಡಾಟಕ್ಕೆ ಕೈಜೋಡಿಸಿದ್ದರಿಂದ ಅವನು ಮತ್ತೆ ಆಡುವಂತಾಯಿತು. 1995ರ ನವೆಂಬರ್‌ನಲ್ಲಿ ಜೆನಿಫರ್ ತೀರಿಕೊಂಡಳು. ಮಿದುಳಿನ ರಕ್ತನಾಳ ಒಡೆದಿತ್ತು. ಅವಳಿಗೆ 16, ತಮ್ಮನಿಗೆ 12. ಗೋಲು ಹೊಡೆದಾಗಲೆಲ್ಲ ಡೆಂಪ್ಸಿ ಆಕಾಶದ ಕಡೆ ನೋಡುತ್ತಿದ್ದುದು ಅಕ್ಕನಿಗಾಗಿ.

ಮುಂದಿನದು ಅಮೆರಿಕದ ಆಟಗಾರರ ಮಾಮೂಲಿ ದಾರಿ. ದಕ್ಷಿಣ ಕೆರೊಲಿನಾದ ಫರ್ಮನ್ ವಿಶ್ವವಿದ್ಯಾಲಯ, ಅಲ್ಲಿಂದ 2004ರಲ್ಲಿ ಅಮೆರಿಕದ ದೊಡ್ಡ ಲೀಗ್ ಆದ ಮೇಜರ್ ಲೀಗ್ ಸಾಕರ್‌ನ ನ್ಯೂ ಇಂಗ್ಲೆಂಡ್ ರೆವಲ್ಯೂಷನ್ ತಂಡ. ಮೊದಲ ವರ್ಷವೇ ವರ್ಷದ ಹೊಸ ಆಟಗಾರ ಪ್ರಶಸ್ತಿ. ಅದೇ ವರ್ಷ ದವಡೆ ಮುರಿದಿದ್ದು ಗೊತ್ತಾಗದೆ ಪಂದ್ಯ ಆಡಿದ ಭೂಪ ಇವನು.

2007ರ ಜನವರಿಯಲ್ಲಿ ಲಂಡನ್ನಿನ ಫುಲಮ್ ಕ್ಲಬ್ ಸುಮಾರು 40 ಲಕ್ಷ ಡಾಲರ್ ಕೊಟ್ಟು ಇವನನ್ನು ಕೊಂಡಿತು. ಫುಲಮ್ ದೊಡ್ಡ ಕ್ಲಬ್ಬೇನಲ್ಲ. ಥೇಮ್ಸ್ ನದಿ ದಡದಲ್ಲಿ ಕ್ರೇವನ್ ಕಾಟೇಜ್ ಅನ್ನುವ ಹಳೇ ಮೈದಾನ, ಅದರ ಒಂದು ಮೂಲೆಯಲ್ಲಿ ನಿಜವಾಗಿಯೂ ಒಂದು ಪುಟ್ಟ ಮನೆ. ಆ ವರ್ಷ ತಂಡ ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗಿನಿಂದಲೇ ಕೆಳಗೆ ಬೀಳುವ ಹಾಗಿತ್ತು. ಮೇ ತಿಂಗಳಲ್ಲಿ ಲಿವರ್‌ಪೂಲ್ ವಿರುದ್ಧ ಬದಲಿ ಆಟಗಾರನಾಗಿ ಇಳಿದ ಡೆಂಪ್ಸಿ ಒಂದು ಗೋಲು ಹೊಡೆದ. ಫುಲಮ್ 1-0ಯಿಂದ ಗೆದ್ದು ಬಚಾವಾಯಿತು. ಇಂಗ್ಲೆಂಡಿನಲ್ಲಿ ಅದು ಅವನ ಮೊದಲ ಗೋಲು. ಕೊಟ್ಟ ದುಡ್ಡು ಅವತ್ತೇ ವಸೂಲಾಯಿತು ಅನ್ನಬಹುದು.

ಆದರೆ ಫುಲಮ್ ಜನ ಇವತ್ತಿಗೂ ಮಾತಾಡುವ ಗೋಲು ಬೇರೆ. 2010ರ ಮಾರ್ಚ್, ಯುರೋಪಿನ ಕ್ಲಬ್ಬುಗಳ ಯುರೋಪಾ ಲೀಗ್ ಟೂರ್ನಿ, ಎದುರಿಗೆ ಇಟಲಿಯ ಯುವೆಂಟಸ್. ಎರಡು ಪಂದ್ಯ, ಎರಡರ ಗೋಲೂ ಕೂಡಿಸಿ ಲೆಕ್ಕ. ಇಟಲಿಯಲ್ಲಿ ನಡೆದ ಮೊದಲ ಪಂದ್ಯದಲ್ಲಿ ಫುಲಮ್ 3-1ರಿಂದ ಸೋತಿತ್ತು. ತವರಿನಲ್ಲಿ ಆಟ ಶುರುವಾಗಿ ಎರಡೇ ನಿಮಿಷಕ್ಕೆ ಯುವೆಂಟಸ್ ಇನ್ನೊಂದು ಗೋಲು ಹೊಡೆಯಿತು. ಕಥೆ ಮುಗೀತು ಅಂತ ಯಾರಾದರೂ ಎದ್ದು ಮನೆಗೆ ಹೋಗಿದ್ದರೆ ಅವರದು ತಪ್ಪೇನಲ್ಲ. ಆಮೇಲೆ ಬಾಬಿ ಝಮೋರಾ ಒಂದು ಗೋಲು, ಝೋಲ್ಟಾನ್ ಗೆರಾ ಎರಡು. ಒಟ್ಟು ಲೆಕ್ಕದಲ್ಲಿ ಸಮ ಸಮ. 82ನೇ ನಿಮಿಷ. ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ, ಬಲಕ್ಕೆ, ಡೆಂಪ್ಸಿಗೆ ಚೆಂಡು ಸಿಕ್ಕಿತು. ಅಲ್ಲಿಂದ ನೇರವಾಗಿ ಜೋರಾಗಿ ಹೊಡೆಯೋದು ಎಲ್ಲರೂ ಮಾಡುವ ಕೆಲಸ. ಇವನು ತಿರುಗಿದವನೇ ಚೆಂಡಿನ ಅಡಿಗೆ ಬೂಟಿನ ತುದಿ ತೂರಿಸಿ ಮೆಲ್ಲಗೆ ಎತ್ತಿಬಿಟ್ಟ. ಚೆಂಡು ಗೋಲ್‌ಕೀಪರ್ ತಲೆಯ ಮೇಲೆ ತೇಲಿಕೊಂಡು ಹೋಗಿ ದೂರದ ಕಂಬದ ಮೇಲ್ಮೂಲೆಯಲ್ಲಿ ಇಳಿಯಿತು. 4-1. ಒಟ್ಟು 5-4. ಫುಲಮ್ ಮುಂದಿನ ಸುತ್ತಿಗೆ.

ಇಂಥ ಹೊಡೆತ ತಪ್ಪಿದರೆ ಆಟಗಾರ ಮೂರ್ಖನ ಹಾಗೆ ಕಾಣುತ್ತಾನೆ. ಡೆಂಪ್ಸಿಯದು ಎಷ್ಟೋ ಸಲ ತಪ್ಪಿದೆ ಕೂಡ. ಆದರೂ ಅವನು ಬಿಡಲಿಲ್ಲ. ಅಮೆರಿಕದ ಕೋಚ್‌ಗಳು ಹೇಳಿದಷ್ಟು ಓಡುವ, ಹೇಳಿದ ಜಾಗದಲ್ಲಿ ನಿಲ್ಲುವ ಹುಡುಗರನ್ನು ಸಾಲು ಸಾಲಾಗಿ ತಯಾರು ಮಾಡುತ್ತಿದ್ದ ಕಾಲ ಅದು. ಹೇಳದೇ ಇದ್ದದ್ದನ್ನು ಮಾಡುವವನು ಇವನೊಬ್ಬ.

ಆ ವರ್ಷ ಫುಲಮ್ ಹ್ಯಾಂಬರ್ಗ್‌ನಲ್ಲಿ ಫೈನಲ್ ಆಡಿ, ಹೆಚ್ಚುವರಿ ಸಮಯದಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಸೋತಿತು. 2011-12ರಲ್ಲಿ ಡೆಂಪ್ಸಿ ಲೀಗ್‌ನಲ್ಲೇ 17 ಗೋಲು ಹೊಡೆದ. ನ್ಯೂಕಾಸಲ್ ವಿರುದ್ಧ ಹ್ಯಾಟ್ರಿಕ್ಕೂ, ಅಂದರೆ ಒಂದೇ ಪಂದ್ಯದಲ್ಲಿ ಮೂರು ಗೋಲೂ, ಆಯಿತು. ಪ್ರೀಮಿಯರ್ ಲೀಗ್‌ನಲ್ಲಿ ಅಮೆರಿಕದವನೊಬ್ಬ ಹ್ಯಾಟ್ರಿಕ್ ಹೊಡೆದಿದ್ದು ಅದೇ ಮೊದಲು. ಮರುವರ್ಷ ಲಂಡನ್ನಿನದೇ ಇನ್ನೊಂದು ಕ್ಲಬ್ ಟಾಟನಮ್ ಸೇರಿದ. ಅಲ್ಲಿ ನೆನಪಿಡುವಂಥದ್ದು ಒಂದೇ: ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಹೊಡೆದ ಗೋಲು. ಯುನೈಟೆಡ್‌ನ ಆ ತವರು ಮೈದಾನದಲ್ಲಿ ಟಾಟನಮ್ ಲೀಗ್ ಪಂದ್ಯ ಗೆಲ್ಲದೆ ಇಪ್ಪತ್ತಕ್ಕೂ ಜಾಸ್ತಿ ವರ್ಷ ಆಗಿತ್ತು, ಅವತ್ತು ಗೆದ್ದಿತು.

ಇನ್ನು ವಿಶ್ವಕಪ್. 2006ರಲ್ಲಿ ಜರ್ಮನಿಯಲ್ಲಿ ಅಮೆರಿಕ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅವರ ಲೆಕ್ಕಕ್ಕೆ ಬಂದ ಗೋಲು ಎರಡು. ಒಂದು ಇಟಲಿಯವರು ತಮ್ಮ ಗೋಲಿಗೆ ತಾವೇ ಹೊಡೆದುಕೊಂಡದ್ದು, ಇನ್ನೊಂದು ಘಾನಾ ವಿರುದ್ಧ ಡೆಂಪ್ಸಿಯದು. 2010ರಲ್ಲಿ ಇಂಗ್ಲೆಂಡ್ ವಿರುದ್ಧ ದೂರದಿಂದ ಹೊಡೆದ ಸಾಧಾರಣ ಚೆಂಡು ಗೋಲ್‌ಕೀಪರ್ ರಾಬರ್ಟ್ ಗ್ರೀನ್ ಕೈಯಿಂದ ಜಾರಿ ಒಳಗೆ ಉರುಳಿತು. ಅದೃಷ್ಟ, ಒಪ್ಪೋಣ. 2014ರದು ಹಾಗಲ್ಲ. ಬ್ರೆಜಿಲ್‌ನ ನಟಾಲ್, ಮತ್ತೆ ಘಾನಾ. ನಮಗೆ ಇಲ್ಲಿ ಬೆಳಗಿನ ಜಾವ ಮೂರೂವರೆ. ಕಣ್ಣುಜ್ಜಿಕೊಂಡು ಟಿವಿ ಹಾಕಿದವರು ಕೂತುಕೊಳ್ಳುವಷ್ಟರಲ್ಲಿ ಗೋಲು ಆಗಿತ್ತು. ಎಡದಿಂದ ನುಗ್ಗಿ, ಒಬ್ಬನನ್ನು ದಾಟಿ, ಎಡಗಾಲಲ್ಲಿ ದೂರದ ಕಂಬಕ್ಕೆ. ಆಟ ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ. ಅದೇ ಪಂದ್ಯದಲ್ಲಿ ಎದುರಾಳಿಯ ಕಾಲು ಮುಖಕ್ಕೆ ಬಡಿದು ಮೂಗು ಮುರಿಯಿತು. ಮೂಗಿಗೆ ಹತ್ತಿ ತುರುಕಿಕೊಂಡು ಆಡಿದ. ಮುಂದಿನ ಪಂದ್ಯದಲ್ಲಿ ಪೋರ್ಚುಗಲ್ ವಿರುದ್ಧ ಹೊಟ್ಟೆಯಲ್ಲಿ ತಳ್ಳಿ ಇನ್ನೊಂದು ಗೋಲು!

ಮೂಗಿನ ತುದಿಯಲ್ಲಿ ಕೋಪ ಅಂತೀವಲ್ಲ, ಅದೂ ಇತ್ತು. ಇಂಗ್ಲೆಂಡ್ ಬಿಟ್ಟು 2013ರಲ್ಲಿ ಅಮೆರಿಕದ ಸಿಯಾಟಲ್ ಸೌಂಡರ್ಸ್ ತಂಡ ಸೇರಿದ ಮೇಲೆ, 2015ರ ಒಂದು ಕಪ್ ಪಂದ್ಯದಲ್ಲಿ ರೆಫರಿ ಜತೆ ಜಗಳಕ್ಕಿಳಿದು ಅವರ ಪುಟ್ಟ ನೋಟ್‌ಬುಕ್ಕನ್ನೇ ಹರಿದು ಹಾಕಿದ. ಕೆಂಪು ಕಾರ್ಡು, ನಿಷೇಧ, ದಂಡ, ಎಲ್ಲ ಬಂತು. ಬರಲೇಬೇಕಿತ್ತು. ರಾಷ್ಟ್ರೀಯ ತಂಡದ ನಾಯಕ ಮಾಡುವ ಕೆಲಸ ಅದಲ್ಲ. ಹಾಗಂತ ಡೆಂಪ್ಸಿಯಿಂದ ಆ ಕಿಡಿಯನ್ನು ತೆಗೆದುಬಿಟ್ಟರೆ ಯುವೆಂಟಸ್ ವಿರುದ್ಧದ ಗೋಲು ಉಳಿಯುತ್ತಿತ್ತೇ ಅನ್ನುವುದು ನನ್ನ ಅನುಮಾನ.

2016ರಲ್ಲಿ ಹೃದಯದ ಬಡಿತದಲ್ಲಿ ಏರುಪೇರು ಕಾಣಿಸಿಕೊಂಡು ಆಟ ನಿಲ್ಲಿಸಬೇಕಾಯಿತು. ಆ ವರ್ಷವೇ ಸಿಯಾಟಲ್ ಮೊದಲ ಬಾರಿ ಲೀಗ್ ಕಪ್ ಗೆದ್ದಿದ್ದು, ಅವನಿಲ್ಲದೆ. ಚಿಕಿತ್ಸೆ ಮುಗಿಸಿ 2017ರಲ್ಲಿ ವಾಪಸ್ ಬಂದ. ಜುಲೈನಲ್ಲಿ, ತನ್ನ ಟೆಕ್ಸಾಸ್‌ನಲ್ಲೇ, ಕೋಸ್ಟಾ ರಿಕಾ ವಿರುದ್ಧ ಫ್ರೀ ಕಿಕ್‌ನಲ್ಲಿ ದೇಶಕ್ಕಾಗಿ 57ನೇ ಗೋಲು ಹೊಡೆದು, ಅಮೆರಿಕದ ಪರ ಅತಿ ಹೆಚ್ಚು ಗೋಲು ಹೊಡೆದ ಲ್ಯಾಂಡನ್ ಡೊನೊವನ್ ದಾಖಲೆ ಸರಿಗಟ್ಟಿದ. ತಮಾಷೆ ನೋಡಿ, ಪ್ರೀಮಿಯರ್ ಲೀಗಿನಲ್ಲೂ ಅವನ ಗೋಲು 57.

58ನೆಯದು ಬರಲೇ ಇಲ್ಲ. ಅದೇ ಅಕ್ಟೋಬರ್‌ನಲ್ಲಿ ಟ್ರಿನಿಡಾಡ್‌ನಲ್ಲಿ ಪಂದ್ಯ. ಡ್ರಾ ಆಗಿದ್ದರೂ ಅಮೆರಿಕ ವಿಶ್ವಕಪ್‌ಗೆ ಹೋಗುತ್ತಿತ್ತು. 2-1ರಿಂದ ಹಿಂದಿದ್ದಾಗ, ಬದಲಿಯಾಗಿ ಇಳಿದಿದ್ದ ಡೆಂಪ್ಸಿ ಹೊಡೆದ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಅಮೆರಿಕ ಸೋತಿತು, 2018ರ ವಿಶ್ವಕಪ್ ತಪ್ಪಿತು. ದೇಶದ ಪರವಾಗಿ ಅದೇ ಅವನ ಕೊನೆಯ ಪಂದ್ಯ. ಮರುವರ್ಷ ಆಗಸ್ಟ್‌ನಲ್ಲಿ ನಿವೃತ್ತಿ.

ಡೊನೊವನ್ ದೊಡ್ಡವನೋ ಡೆಂಪ್ಸಿ ದೊಡ್ಡವನೋ ಅನ್ನುವ ವಾದ ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲ. ದೇಶಕ್ಕಾಗಿ ಡೊನೊವನ್ 157 ಪಂದ್ಯ ಆಡಿದ, ಡೆಂಪ್ಸಿ 141. ಬೇರೆಯವರಿಗೆ ಗೋಲು ಮಾಡಿಕೊಡುವುದರಲ್ಲಿ ಡೊನೊವನ್ ಬಹಳ ಮುಂದೆ. ಆದರೂ ಅವನು ಹೆಸರು ಮಾಡಿದ್ದು ಹೆಚ್ಚಾಗಿ ಅಮೆರಿಕದ ಲೀಗಿನಲ್ಲಿ. ಡೆಂಪ್ಸಿ ಆರೂವರೆ ವರ್ಷ ಇಂಗ್ಲೆಂಡಿನ ಮಳೆಯಲ್ಲಿ, ಪ್ರತಿ ವಾರ ತನಗಿಂತ ದೊಡ್ಡ ಹೆಸರಿನವರ ಎದುರು ಆಡಿದ. ನನ್ನ ಓಟು ಅವನಿಗೆ. ಒಪ್ಪದವರು ಪತ್ರ ಬರೆಯಿರಿ, ಜಗಳ ಆಡೋಣ. ನಮಸ್ಕಾರ.