ಟವರಿನ ಮೇಲೊಂದು ಕಣ್ಣು

ಕೇಳುಗರಿಗೆ ನಮಸ್ಕಾರ. ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರ ಮೇಲೆ ಕಣ್ಣಿಡುವವರ ಬಗ್ಗೆ ಇಂದಿನ ಮಾತು. ರೈಲ್ವೆಯಿಂದ ಶುರು ಮಾಡೋಣ.

ಹುಬ್ಬಳ್ಳಿಯವರಿಗೆ ರೈಲ್ವೆ ಸುರಕ್ಷತಾ ಆಯುಕ್ತರ ವಿಷಯ ಹೊಸದಲ್ಲ. ಜೋಡಿ ಹಳಿ ಹಾಕಿ ಮುಗಿಸಿದರೂ, ಅವರು ಬಂದು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಅದರ ಮೇಲೆ ಪ್ರಯಾಣಿಕರ ಗಾಡಿ ಓಡುವಂತಿಲ್ಲ. ಆದರೆ ಈ ಆಯುಕ್ತರು ರೈಲ್ವೆಯ ಕೈಕೆಳಗಿನವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು ಎಂಬುದು ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಈ ಊರಿನಲ್ಲೂ ಹಲವರಿಗೆ ತಿಳಿದಿರಲಾರದು. ಗಾಡಿ ಓಡಿಸುವವರೇ ತಮ್ಮ ತಪ್ಪನ್ನು ತೂಗಬಾರದು ಎಂಬುದು ಇದರ ಹಿಂದಿನ ವಿಚಾರ.

ಇದೇ ಅಳತೆಗೋಲನ್ನು ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಹಿಡಿದು ನೋಡೋಣ. ಅಲ್ಲಿನ ಟವರಿನಲ್ಲಿ ಕುಳಿತು ವಿಮಾನ ಇಳಿಯಲು, ಏರಲು ಅನುಮತಿ ಕೊಡುವ ಕಂಟ್ರೋಲರುಗಳು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು. ಅವರಿಗೆ ಲೈಸೆನ್ಸ್ ಕೊಟ್ಟು, ಕೆಲಸ ನಿಯಮದಂತೆ ನಡೆದಿದೆಯೇ ಎಂದು ನೋಡುವ ಹೊಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. 1986ಕ್ಕಿಂತ ಮೊದಲು ಸಂಚಾರ ನಿಯಂತ್ರಣವನ್ನೂ ಅದೇ ನಡೆಸುತ್ತಿತ್ತು. ಅಂದರೆ ಹಾಡುವವನೂ ತೀರ್ಪುಗಾರನೂ ಒಬ್ಬನೇ ಆಗಿದ್ದ. ಈಗ ಎರಡೂ ಬೇರೆಯಾಗಿವೆ, ಆದರೆ ಒಂದೇ ಸಚಿವಾಲಯದ ಸೂರಿನಡಿ ಇವೆ. ರೈಲ್ವೆಯನ್ನು ಹೊರಗಿನಿಂದ ನೋಡುವ ಸಚಿವಾಲಯ ತನ್ನ ಮನೆಗೆ ಮಾತ್ರ ಒಳಗಿನ ಕಣ್ಣನ್ನೇ ಇಟ್ಟುಕೊಂಡಿರುವುದು ನನಗೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ಹೀಗಿರುವಾಗ, ಟವರುಗಳ ಮೇಲ್ವಿಚಾರಣೆಯ ಮುಂದಾಳತ್ವ ವಹಿಸಿದವರು ವ್ಯವಸ್ಥೆ ಕೊಡದ ಅಂತರವನ್ನು ತಮ್ಮ ನಡೆಯಿಂದಲೇ ಗಳಿಸಿಕೊಳ್ಳಬೇಕಾಗುತ್ತದೆ. ಕೈಪಿಡಿ ಸರಿಯಾಗಿದೆ, ದಾಖಲೆ ಪೂರ್ಣವಾಗಿದೆ ಎಂದು ಬರೆದು ಹೋಗುವುದು ಸುಲಭ. ಆದರೆ ಅಪಾಯ ಕಾಗದದ ಮೇಲೆ ಕಾಣದಿರಬಹುದು. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್ಲಿಂಗನ್ ಊರಿನ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಸತ್ತರು. ಆ ವಾಯುಪ್ರದೇಶವನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ನೋಡಿಕೊಳ್ಳಬೇಕಿದ್ದ ಇಬ್ಬರು ಕಂಟ್ರೋಲರುಗಳಲ್ಲಿ ಒಬ್ಬರು ವಿಶ್ರಾಂತಿಗೆ ಹೋಗಿದ್ದರು. ಉಳಿದೊಬ್ಬರು ಎರಡು ಪರದೆಗಳನ್ನು ಒಟ್ಟಿಗೆ ನೋಡುತ್ತಿದ್ದರು. ದುರಸ್ತಿಯ ಕಾರಣ ಮುಖ್ಯ ದೂರವಾಣಿ ಸಂಪರ್ಕವೂ ಇರಲಿಲ್ಲ, ಡಿಕ್ಕಿಯ ಮುನ್ಸೂಚನೆ ಪರದೆಯ ಮೇಲೆ ಮೂಡುತ್ತಲೂ ಇರಲಿಲ್ಲ. ತನಿಖೆ ಆ ಒಬ್ಬರ ಕಡೆಗಷ್ಟೇ ಬೆರಳು ತೋರಿಸಿ ನಿಲ್ಲಲಿಲ್ಲ. ರಾತ್ರಿ ಒಬ್ಬರೇ ಕೂರುವ ರೂಢಿಯನ್ನು ಆಡಳಿತ ವರ್ಷಗಳಿಂದ ಸಹಿಸಿಕೊಂಡು ಬಂದಿತ್ತು ಎಂಬುದನ್ನು ಅದು ದಾಖಲಿಸಿತು. ಎಲ್ಲರಿಗೂ ಗೊತ್ತಿದ್ದ ರೂಢಿ ಅದು.

ಇಂಥ ರೂಢಿ ಕಚೇರಿಯ ಮೇಜಿನಿಂದ ಕಾಣುವುದಿಲ್ಲ. ಪಾಳಿ ಪಟ್ಟಿಯಲ್ಲಿ ಎರಡು ಹೆಸರಿದ್ದರೆ ಆ ಹೊತ್ತಿನ ಧ್ವನಿಮುದ್ರಣದಲ್ಲಿ ಎರಡು ದನಿಗಳಿವೆಯೇ ಎಂದು ಕೇಳಿ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಒಳಗಿನವರೇ ಬಾಯಿ ಬಿಟ್ಟು ಹೇಳಬೇಕು. ಕಂಟ್ರೋಲರ್ ಹೇಳಿದ ಎತ್ತರವನ್ನು ಪೈಲಟ್ ತಪ್ಪಾಗಿ ಮರುನುಡಿದು, ಅದು ಗಮನಕ್ಕೆ ಬಾರದೆ ಹೋಗಿ, ಅರ್ಧ ನಿಮಿಷದ ಮೇಲೆ ಸರಿಯಾಯಿತು ಎನ್ನಿ. ಯಾರಿಗೂ ಏನೂ ಆಗಲಿಲ್ಲ. ಅದನ್ನು ಬರೆದುಕೊಟ್ಟವನಿಗೆ ಮೆಮೊ ಹೋದರೆ ಮುಂದೆ ಯಾರೂ ಬರೆಯುವುದಿಲ್ಲ. ಕೈತಪ್ಪಿ ಆದದ್ದು ಯಾವುದು, ಬೇಕೆಂದೇ ನಿಯಮ ಮುರಿದದ್ದು ಯಾವುದು ಎಂದು ಬಿಡಿಸಿ ನೋಡುವ ತಾಳ್ಮೆ ಮೇಲ್ವಿಚಾರಣೆಯ ಹುದ್ದೆಗೆ ಬೇಕಾದ ಮೊದಲ ಅರ್ಹತೆ ಎಂದು ನನ್ನ ಎಣಿಕೆ.

ನಮ್ಮದು ಸಣ್ಣ ನಿಲ್ದಾಣ, ಹಾರಾಟವೂ ಕಡಿಮೆ, ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಯೂಬರ್ಲಿಂಗನ್ನಿನ ಆಕಾಶದಲ್ಲೂ ಆ ರಾತ್ರಿ ಇದ್ದದ್ದು ಕೆಲವೇ ವಿಮಾನಗಳು. ಒಬ್ಬರು ಎದ್ದು ಹೋಗಿದ್ದೂ ಅದಕ್ಕಾಗಿಯೇ.